ಕಂಬಳಿ ಚೀಪುವ ಬೆಕ್ಕು, ಡಬ್ಬದಲ್ಲಿ ಕೂರುವ ಬೆಕ್ಕು: ನೆಮ್ಮದಿ ಹುಡುಕುವ ಅಭ್ಯಾಸಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ನಮ್ಮ ಬೆಕ್ಕು ಬೂದಿ ಮನೆಗೆ ಬಂದಾಗ ಅವಳಿಗೆ ಸುಮಾರು 5 ವಾರ. ತಾಯಿ ಇರಲಿಲ್ಲ. ಬಂದ ರಾತ್ರಿಯೇ ನನ್ನ ಹಳೇ ಕಂಬಳಿಯ ಒಂದು ಮೂಲೆಯನ್ನು ಬಾಯಿಗೆ ಹಾಕಿಕೊಂಡಳು. ಕಣ್ಣು ಅರ್ಧ ಮುಚ್ಚಿ, ಮುಂಗಾಲಲ್ಲಿ ಕಂಬಳಿ ನಾದುತ್ತಾ, ಗುರ್ ಗುರ್ ಅನ್ನುತ್ತಾ ಚೀಪಿದಳು. ಈಗ ಅವಳಿಗೆ 6 ವರ್ಷ. ಇವತ್ತಿಗೂ ಮಲಗುವ ಮುಂಚೆ ಅದೇ ಮೂಲೆ ಬೇಕು.

ಮೊದಲ ವರ್ಷ ನಾನು ಕಂಬಳಿಯನ್ನು ಬಚ್ಚಿಟ್ಟೆ. ಇದೊಂದು ಕೆಟ್ಟ ಚಟ, ಬಿಡಿಸಬೇಕು ಅಂದುಕೊಂಡಿದ್ದೆ. ಅವಳು ಬಿಡಲಿಲ್ಲ, ಕಾಲುಚೀಲ ಹಿಡಿದಳು. ಒಂದು ಸಂಜೆ ನೋಡಿದರೆ ಕಾಲುಚೀಲದ ಅಂಚೇ ಇರಲಿಲ್ಲ. ನುಂಗಿಬಿಟ್ಟಿದ್ದಳು. ವಾಂತಿ ಶುರುವಾಯಿತು. ಅದೇ ರಾತ್ರಿ ವೆಟ್, ಅಂದರೆ ಪಶುವೈದ್ಯರ ಹತ್ತಿರ ಓಡಿದೆವು. ಪುಣ್ಯಕ್ಕೆ ಆಪರೇಷನ್ ಬೇಕಾಗಲಿಲ್ಲ.

ಬೆಕ್ಕಿನಿಂದ ಒಂದು ನೆಮ್ಮದಿ ಕಿತ್ತುಕೊಂಡರೆ ಅದು ಇನ್ನೊಂದನ್ನು ಹುಡುಕಿಕೊಳ್ಳುತ್ತದೆ. ಆ ಎರಡನೆಯದು ಮೊದಲಿನದಕ್ಕಿಂತ ಅಪಾಯದ್ದಾಗಿರಬಹುದು. ಹಾಗಾಗಿ ಬಿಡಿಸುವ ಮಾತು ಆಮೇಲೆ. ಅದು ಬೆಕ್ಕಿಗೆ ಯಾಕೆ ಬೇಕು ಅನ್ನುವುದು ಮೊದಲು. ಈ ಆರು ವರ್ಷದಲ್ಲಿ ಓದಿ, ನೋಡಿ, ಕೇಳಿ ಕಲಿತದ್ದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಒಂದು ಎಚ್ಚರಿಕೆ ಮಾತ್ರ ಮೊದಲೇ ಹೇಳುತ್ತೇನೆ. ನಿಮ್ಮ ಬೆಕ್ಕು ಬಟ್ಟೆ, ದಾರ, ಪ್ಲಾಸ್ಟಿಕ್ ಏನನ್ನಾದರೂ ನುಂಗುತ್ತಿದ್ದರೆ ಕೆಳಗಿನದನ್ನೆಲ್ಲ ಓದುತ್ತಾ ಕೂರಬೇಡಿ. ನೇರವಾಗಿ ಮೂರನೇ ಹಂತಕ್ಕೆ ಹೋಗಿ.

ಹಂತ 1: ಎರಡು ವಾರ ಸುಮ್ನೆ ನೋಡಿ, ಬರೆದಿಡಿ

ಬೆಕ್ಕಿನ ಅಭ್ಯಾಸಕ್ಕೆ ಸಾಮಾನ್ಯವಾಗಿ ಒಂದು ಹೊತ್ತು, ಒಂದು ಜಾಗ ಇರುತ್ತದೆ. ನಮ್ಮ ನೆನಪು ಅದನ್ನು ಸರಿಯಾಗಿ ಹಿಡಿಯುವುದಿಲ್ಲ. "ಯಾವಾಗಲೂ ಚೀಪ್ತಾ ಇರುತ್ತೆ" ಅನ್ನಿಸುತ್ತದೆ. ಬರೆದು ನೋಡಿದರೆ ದಿನಕ್ಕೆ ಎರಡೇ ಸಲ, ಅದೂ ನಿದ್ದೆಗೆ ಮುಂಚೆ ಅಂತ ಗೊತ್ತಾಗುತ್ತದೆ.

ಒಂದು ಚಿಕ್ಕ ಪುಸ್ತಕ ಸಾಕು. ಎಷ್ಟು ಗಂಟೆಗೆ ಮಾಡಿತು, ಅದಕ್ಕೂ ಮುಂಚೆ ಏನಾಗಿತ್ತು, ಎಷ್ಟು ನಿಮಿಷ ಮಾಡಿತು, ಯಾವ ವಸ್ತುವಿನ ಮೇಲೆ, ಕರೆದರೆ ತಿರುಗಿ ನೋಡಿತಾ ಇಲ್ಲವಾ. ಇಷ್ಟು ಬರೆದರೆ ಸಾಕು. ಜೊತೆಗೆ ಊಟ, ಮೂತ್ರ, ಮಲ ಎಂದಿನಂತಿದೆಯೇ ಅಂತ ಒಂದು ಸಾಲು. ಫೋನಿನಲ್ಲಿ ಒಂದೆರಡು ವಿಡಿಯೋ ಮಾಡಿಟ್ಟುಕೊಳ್ಳಿ. ವೆಟ್ ಹತ್ತಿರ ಹೋದಾಗ ಬೆಕ್ಕು ಹೆದರಿ ಮುದುರಿ ಕೂರುತ್ತದೆ. ಮನೆಯಲ್ಲಿ ಮಾಡುವ ಯಾವುದನ್ನೂ ಅಲ್ಲಿ ಮಾಡುವುದಿಲ್ಲ. ವಿಡಿಯೋ ಇದ್ದರೆ ವೈದ್ಯರ ಅರ್ಧ ಕೆಲಸ ಮುಗಿದ ಹಾಗೆ.

"ಮುಂಚೆ ಏನಾಗಿತ್ತು" ಅನ್ನುವ ಕಾಲಮ್ಮೇ ಎಲ್ಲಕ್ಕಿಂತ ಮುಖ್ಯ. ಮನೆಗೆ ನೆಂಟರು ಬಂದಿದ್ದರಾ? ಕಿಟಕಿಯಾಚೆ ಬೇರೆ ಬೆಕ್ಕು ಕಂಡಿತ್ತಾ? ನೀವು ಹೊರಗೆ ಹೊರಟಿದ್ದಿರಾ? ಪೀಠೋಪಕರಣ ಜರುಗಿಸಿದ್ದಿರಾ? ಉತ್ತರ ಬಹಳ ಸಲ ಅಲ್ಲೇ ಸಿಗುತ್ತದೆ.

ಹಂತ 2: ಅಭ್ಯಾಸದ ಬೇರು ಎಲ್ಲಿದೆ ಅಂತ ಗುರುತಿಸಿ

ಹುಟ್ಟಿದ ಮರಿಗೆ ಕಣ್ಣು ಕಾಣುವುದಿಲ್ಲ, ಕಿವಿಯೂ ಸರಿಯಾಗಿ ಕೇಳುವುದಿಲ್ಲ. ಕಣ್ಣು ಬಿಡಲು 7ರಿಂದ 14 ದಿನ ಬೇಕು. ಅಲ್ಲಿಯವರೆಗೆ ಅದರ ಲೋಕ ಅಂದರೆ ತಾಯಿಯ ವಾಸನೆ, ಮೈ ಬಿಸಿ, ಮೃದುವಾದ ಹೊಟ್ಟೆ, ಮತ್ತು ತಾಯಿ ಗುರುಗುಟ್ಟುವಾಗಿನ ನಡುಕ. ಬೆಕ್ಕು ಬೆಳೆದ ಮೇಲೂ ಹುಡುಕುವುದು ಇವನ್ನೇ. ಈ ಒಂದು ಮಾತು ನೆನಪಿದ್ದರೆ ಅರ್ಧದಷ್ಟು ವಿಚಿತ್ರಗಳು ವಿಚಿತ್ರ ಅನ್ನಿಸುವುದಿಲ್ಲ.

ನಾದುವುದನ್ನು ನೋಡಿ. ಮರಿ ಹಾಲು ಕುಡಿಯುವಾಗ ಮೊಲೆಯ ಎರಡೂ ಬದಿ ಮುಂಗಾಲಿನಿಂದ ಒತ್ತುತ್ತದೆ. ಒತ್ತಿದರೆ ಹಾಲು ಇಳಿಯುತ್ತದೆ. ಹೊಟ್ಟೆ ತುಂಬುವ ಸುಖ, ಬಿಸಿ, ಒತ್ತುವ ಕಾಲು, ಎಲ್ಲವೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ದೊಡ್ಡ ಬೆಕ್ಕು ನಿಮ್ಮ ತೊಡೆ ನಾದುವಾಗ ಅದಕ್ಕೆ ಹಸಿವಾಗಿಲ್ಲ, ಆ ಸುಖ ನೆನಪಾಗಿದೆ. ಇನ್ನೊಂದು ವಿಷಯವೂ ಇದೆ. ಬೆಕ್ಕಿನ ಅಂಗಾಲಿನಲ್ಲಿ ವಾಸನೆಯ ಗ್ರಂಥಿಗಳಿವೆ. ನಾದಿದ ಜಾಗಕ್ಕೆ ಅದರ ವಾಸನೆ ಅಂಟುತ್ತದೆ. ಅಂದರೆ "ಇದು ನನ್ನದು" ಅಂತ ಗುರುತು ಹಾಕಿದ ಹಾಗೂ ಆಯಿತು. ಕೆಲವು ಬೆಕ್ಕುಗಳು ನಾದುತ್ತಾ ಜೊಲ್ಲು ಸುರಿಸುತ್ತವೆ. ನಾದುವಾಗ ಮಾತ್ರ ಸುರಿದು, ಆಮೇಲೆ ನಿಂತರೆ ಹೆದರಬೇಕಿಲ್ಲ.

ಚೀಪುವುದು ಇದರ ಮುಂದಿನ ಹೆಜ್ಜೆ. ಕಂಬಳಿ, ಸ್ವೆಟರ್, ಮೃದು ಗೊಂಬೆ, ಮನುಷ್ಯರ ಕಿವಿಯ ಹಾಲೆ, ಕಂಕುಳು, ಕೂದಲು ಯಾವುದೂ ಆಗಬಹುದು. ಕೆಲವು ಬೆಕ್ಕು ತನ್ನ ಬಾಲವನ್ನೇ ಚೀಪುತ್ತದೆ. ಬೇಗ ಹಾಲು ಬಿಡಿಸಿದ ಮರಿಗಳಲ್ಲಿ, ಬಾಟಲಿ ಹಾಲಿನಲ್ಲಿ ಬೆಳೆದ ತಬ್ಬಲಿ ಮರಿಗಳಲ್ಲಿ ಇದನ್ನು ಹೆಚ್ಚು ನೋಡುತ್ತೇವೆ. ಆದರೆ ಅದೊಂದೇ ಕಾರಣ ಅಲ್ಲ. ಸಯಾಮೀಸ್, ಬರ್ಮೀಸ್ ತಳಿಗಳಲ್ಲಿ ಉಣ್ಣೆ ಚೀಪುವುದು ಮೊದಲಿನಿಂದಲೂ ಹೆಸರಾದದ್ದು. ತಾಯಿ ಜೊತೆ ಪೂರ್ತಿ ಬೆಳೆದ ಸಯಾಮೀಸ್ ಬೆಕ್ಕೂ ಚೀಪಬಹುದು. ರಕ್ತದಲ್ಲೇ ಬಂದದ್ದಕ್ಕೆ ನಿಮ್ಮ ಸಾಕಾಣಿಕೆಯನ್ನು ದೂರಬೇಡಿ.

ಹಾಲು ಬಿಡಿಸುವ ವಯಸ್ಸಿನ ಬಗ್ಗೆ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. 5,700ಕ್ಕೂ ಹೆಚ್ಚು ಬೆಕ್ಕುಗಳ ಮಾಹಿತಿ ಅದರಲ್ಲಿತ್ತು. 8 ವಾರಕ್ಕೂ ಮೊದಲೇ ತಾಯಿಯಿಂದ ದೂರವಾದವುಗಳಲ್ಲಿ ಸಿಟ್ಟು, ಕಚ್ಚುವ ಸ್ವಭಾವ ಹೆಚ್ಚು ಕಂಡಿತು. 14 ವಾರ ದಾಟಿದ ಮೇಲೆ ಬೇರೆಯಾದವು ಎಲ್ಲರಿಗಿಂತ ನೆಮ್ಮದಿಯಾಗಿದ್ದವು. ಮರಿ ತರಬೇಕು ಅಂದುಕೊಂಡವರು ಇದನ್ನು ದಯವಿಟ್ಟು ಮನಸ್ಸಿಗೆ ತೆಗೆದುಕೊಳ್ಳಿ. ಅನ್ನ ತಿನ್ನಲು ಕಲಿತ ಮಾತ್ರಕ್ಕೆ ಮರಿ ತಾಯಿಯನ್ನು ಬಿಡಲು ತಯಾರಾಗಿದೆ ಅಂತಲ್ಲ.

ಇನ್ನು ಡಬ್ಬ. ಬೆಕ್ಕು ಬೇಟೆಗಾರ ಹೌದು. ಆದರೆ ಗಾತ್ರದಲ್ಲಿ ಚಿಕ್ಕದು, ದೊಡ್ಡ ಪ್ರಾಣಿಗಳಿಗೆ ಅದೇ ಬೇಟೆ. ಮೂರು ಬದಿ ಮುಚ್ಚಿ ಒಂದೇ ಬದಿ ತೆರೆದಿದ್ದರೆ ಬೆನ್ನಿನ ಚಿಂತೆ ಇಲ್ಲ. 2014ರಲ್ಲಿ ನೆದರ್ಲೆಂಡ್ಸ್‌ನ ಊಟ್ರೆಕ್ಟ್ ವಿಶ್ವವಿದ್ಯಾಲಯದವರು ಆಶ್ರಯತಾಣಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳನ್ನು ಗಮನಿಸಿದರು. 10 ಬೆಕ್ಕಿಗೆ ಅಡಗಲು ಡಬ್ಬ ಕೊಟ್ಟರು, 9ಕ್ಕೆ ಕೊಡಲಿಲ್ಲ. ಡಬ್ಬ ಸಿಕ್ಕ ಬೆಕ್ಕುಗಳು ಹೊಸ ಜಾಗಕ್ಕೆ ಬೇಗ ಹೊಂದಿಕೊಂಡವು. ಒಂದು ರಟ್ಟಿನ ಡಬ್ಬ ಅಷ್ಟು ಕೆಲಸ ಮಾಡುತ್ತದೆ!

ಡಬ್ಬದ ಇನ್ನೊಂದು ಲಾಭ ಬಿಸಿ. ಬೆಕ್ಕಿನ ಮೈ ಹೆಚ್ಚಿನ ಶ್ರಮವಿಲ್ಲದೆ ತನ್ನ ಬಿಸಿ ಕಾಪಾಡಿಕೊಳ್ಳುವುದು ಸುತ್ತಲಿನ ಉಷ್ಣತೆ ಸುಮಾರು 30ರಿಂದ 38 ಡಿಗ್ರಿ ಸೆಲ್ಸಿಯಸ್ ಇರುವಾಗ. ನಮಗೆ ಹಿತವಾದ ಕೋಣೆ ಅದಕ್ಕೆ ಚಳಿ. ಲ್ಯಾಪ್‌ಟಾಪ್ ಮೇಲೆ ಮಲಗುವುದು, ವೈಫೈ ಪೆಟ್ಟಿಗೆ ತಬ್ಬಿಕೊಳ್ಳುವುದು, ನಿಮ್ಮ ಮೊಣಕಾಲಿನ ಸಂದಿಗೆ ನುಗ್ಗುವುದು, ಎಲ್ಲದರ ಹಿಂದೆ ಇರುವ ಲೆಕ್ಕ ಇದು. ಸೆಕೆಯ ದಿನ ಅದೇ ಬೆಕ್ಕು ಸಿಂಕಿನಲ್ಲಿ ಹೋಗಿ ಮಲಗುತ್ತದೆ. ಅಲ್ಲಿ ತಂಪೂ ಇದೆ, ಸುತ್ತ ಗೋಡೆಯೂ ಇದೆ.

ನೀವು ತೊಟ್ಟು ಬಿಟ್ಟ ಬಟ್ಟೆಯ ಮೇಲೆ ಮಲಗುವುದು ವಾಸನೆಯ ವಿಷಯ. ಬೆಕ್ಕಿನ ಕೆನ್ನೆ, ಗಲ್ಲ, ಬಾಲದ ಬುಡದಲ್ಲೂ ಗ್ರಂಥಿಗಳಿವೆ. ಅದು ನಿಮಗೆ ತಲೆ ಉಜ್ಜಿ ತನ್ನ ವಾಸನೆ ಕೊಡುತ್ತದೆ, ನಿಮ್ಮದನ್ನು ತೆಗೆದುಕೊಳ್ಳುತ್ತದೆ. ಎರಡೂ ಸೇರಿದ ವಾಸನೆಯೇ ಅದಕ್ಕೆ "ಮನೆ". ನೀವು ಇಲ್ಲದ ದಿನ ಒಗೆಯುವ ಬುಟ್ಟಿಯಲ್ಲಿ ಮಲಗಿದರೆ ಅದು ನಿಮ್ಮನ್ನೇ ಹುಡುಕುತ್ತಿದೆ. ಬೆಕ್ಕಿಗೆ ಮನುಷ್ಯರ ಹಂಗಿಲ್ಲ ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಅಮೆರಿಕದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ 2019ರ ಅಧ್ಯಯನದಲ್ಲಿ ಮರಿಗಳಲ್ಲಿ ಸುಮಾರು 64%ರಷ್ಟು, ತಮ್ಮನ್ನು ಸಾಕುವವರು ಕೋಣೆಗೆ ಮರಳಿದಾಗ ಸಮಾಧಾನಗೊಂಡು ಮತ್ತೆ ಆಟಕ್ಕೆ ಇಳಿದವು. ಚಿಕ್ಕ ಮಕ್ಕಳು ಅಮ್ಮನ ಮುಂದೆ ನಡೆದುಕೊಳ್ಳುವುದೂ ಹೀಗೇ ಅಲ್ವಾ?

ಹಂತ 3: ಅಭ್ಯಾಸವೋ, ಕಾಯಿಲೆಯೋ?

ಮೂರು ಪ್ರಶ್ನೆ ಕೇಳಿಕೊಳ್ಳಿ. ನುಂಗುತ್ತಿದೆಯಾ? ತಡೆದರೆ ನಿಲ್ಲಿಸುತ್ತದಾ? ಇದು ಹೊಸದಾಗಿ ಶುರುವಾದದ್ದಾ?

ಮರಿಯಿಂದಲೂ ಇರುವ, ಕರೆದರೆ ನಿಲ್ಲುವ, ಏನನ್ನೂ ನುಂಗದ ಅಭ್ಯಾಸದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮೂರರಲ್ಲಿ ಒಂದು ಉತ್ತರ ತಪ್ಪಿದರೂ ವೆಟ್ ಹತ್ತಿರ ಹೋಗಿ.

ನುಂಗುವುದು ಎಲ್ಲಕ್ಕಿಂತ ಅಪಾಯ. ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ಒಮ್ಮೆ ಸಿಕ್ಕಿಕೊಂಡ ದಾರವನ್ನು ಉಗುಳುವುದು ಅದಕ್ಕೆ ಕಷ್ಟ, ಒಳಗೇ ಹೋಗುತ್ತದೆ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಹೊಟ್ಟೆಯೊಳಗೋ ಸಿಕ್ಕಿಕೊಂಡರೆ ಕರುಳು ಆ ದಾರದ ಸುತ್ತ ನೆರಿಗೆ ಕಟ್ಟುತ್ತದೆ. ದಾರ ಕರುಳನ್ನು ಕೊಯ್ಯಲೂಬಹುದು. ಆದ್ದರಿಂದ ಬಾಯಲ್ಲೋ ಹಿಂಬದಿಯಲ್ಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಖಂಡಿತ ಎಳೆಯಬೇಡಿ. ಹಾಗೇ ಎತ್ತಿಕೊಂಡು ಆಸ್ಪತ್ರೆಗೆ ಹೋಗಿ. ವಾಂತಿ, ಊಟ ಬಿಡುವುದು, ಮುದುರಿ ಕೂರುವುದು, ಹೊಟ್ಟೆ ಮುಟ್ಟಲು ಬಿಡದಿರುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಮಣ್ಣು, ಸಿಮೆಂಟ್, ಲಿಟರ್ (ಬೆಕ್ಕಿನ ಮಲಮೂತ್ರದ ಟ್ರೇಗೆ ಹಾಕುವ ಮರಳಿನಂಥ ಪುಡಿ) ನೆಕ್ಕುವುದು ಅಥವಾ ತಿನ್ನುವುದು ಹೊಸದಾಗಿ ಶುರುವಾದರೆ ರಕ್ತಹೀನತೆ ಇರಬಹುದು. ವಸಡು ಬಿಳಿಚಿಕೊಂಡಿದೆಯಾ ಅಂತ ತುಟಿ ಎತ್ತಿ ನೋಡಿ. ವಯಸ್ಸಾದ ಬೆಕ್ಕು ಇದ್ದಕ್ಕಿದ್ದಂತೆ ಸಿಕ್ಕಿದ್ದನ್ನೆಲ್ಲ ತಿನ್ನತೊಡಗಿದರೆ ಥೈರಾಯ್ಡ್ ಪರೀಕ್ಷೆ ಬೇಕು.

ಮೈ ನೆಕ್ಕುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಇಲ್ಲಿ ಜನ ಸುಲಭವಾಗಿ ತಪ್ಪುತ್ತಾರೆ. ಬೆಕ್ಕು ಹೊಟ್ಟೆ, ತೊಡೆಯ ಕೂದಲು ಉದುರುವಷ್ಟು ನೆಕ್ಕಿದರೆ "ಟೆನ್ಷನ್ ಆಗಿದೆ" ಅಂತ ತೀರ್ಮಾನಿಸಿಬಿಡುತ್ತೇವೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮನಸ್ಸಿನ ಕಾರಣಕ್ಕೇ ಹೀಗೆ ಮಾಡುತ್ತಿವೆ ಅಂದುಕೊಂಡಿದ್ದ 21 ಬೆಕ್ಕುಗಳನ್ನು ಪೂರ್ತಿ ಪರೀಕ್ಷಿಸಿದರು. 16ಕ್ಕೆ ಇದ್ದದ್ದು ದೇಹದ ಕಾಯಿಲೆ, ಅದರಲ್ಲೂ ಅಲರ್ಜಿ, ಆಹಾರ ಒಗ್ಗದಿರುವುದು ಮುಖ್ಯವಾಗಿ. ಬರೀ ಮನಸ್ಸಿನ ಕಾರಣ ಇದ್ದದ್ದು 2 ಬೆಕ್ಕಿಗೆ ಮಾತ್ರ. ಉಳಿದ 3ಕ್ಕೆ ಎರಡೂ ಇದ್ದವು. ಹಾಗಾಗಿ ಮೊದಲು ಚರ್ಮ, ಆಮೇಲೆ ಮನಸ್ಸು.

ತಲೆ ಉಜ್ಜುವುದಕ್ಕೂ ತಲೆ ಒತ್ತುವುದಕ್ಕೂ ವ್ಯತ್ಯಾಸ ಇದೆ. ನಿಮ್ಮ ಕಾಲಿಗೆ ಉಜ್ಜಿ ಮುಂದೆ ಹೋದರೆ ಅದು ಪ್ರೀತಿ. ಗೋಡೆಗೆ ಹಣೆ ಒತ್ತಿ ಅಲ್ಲೇ ನಿಂತರೆ ಅದು ಮಿದುಳಿನ ತೊಂದರೆಯ ಲಕ್ಷಣ, ತಕ್ಷಣ ತೋರಿಸಿ. ಲಿಟರ್ ಟ್ರೇಯಲ್ಲೇ ಮಲಗುವ ಬೆಕ್ಕಿಗೆ ಅಡಗಲು ಬೇರೆ ಜಾಗ ಇಲ್ಲದಿರಬಹುದು, ಮೂತ್ರದ ತೊಂದರೆಯೂ ಇರಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿದರೂ ಮೂತ್ರ ಬರುತ್ತಿಲ್ಲವಾದರೆ ಪ್ರತಿ ಗಂಟೆಯೂ ಅಮೂಲ್ಯ.

ಗುರುಗುಟ್ಟುತ್ತಿದೆ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ನೋವಿನಲ್ಲಿರುವ ಬೆಕ್ಕೂ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳಲು ಗುರುಗುಟ್ಟುತ್ತದೆ. ಬೂದಿ ಆ ಕಾಲುಚೀಲದ ರಾತ್ರಿ ಪರೀಕ್ಷೆಯ ಮೇಜಿನ ಮೇಲೆ ಉದ್ದಕ್ಕೂ ಗುರುಗುಟ್ಟುತ್ತಲೇ ಇದ್ದಳು. ಆ ಸದ್ದು ನಾನು ಮರೆತಿಲ್ಲ.

ಹಂತ 4: ಮನೆಯನ್ನು ಭದ್ರ ಮಾಡಿ

ಇದು ಒಂದು ಮಧ್ಯಾಹ್ನದ ಕೆಲಸ. ನೆಲಕ್ಕೆ ಕೂತು ಬೆಕ್ಕಿನ ಎತ್ತರದಿಂದ ಕೋಣೆ ನೋಡಿ. ಹೊಲಿಗೆ ದಾರ, ಸೂಜಿ, ಉಣ್ಣೆಯ ಉಂಡೆ, ರಬ್ಬರ್ ಬ್ಯಾಂಡ್, ಕೂದಲಿನ ಬ್ಯಾಂಡ್, ಇಯರ್‌ಫೋನ್, ಪ್ಲಾಸ್ಟಿಕ್ ಚೀಲ, ರಿಬ್ಬನ್ ಎಲ್ಲವೂ ಮುಚ್ಚಳದ ಡಬ್ಬಕ್ಕೆ ಹೋಗಲಿ. ಕೋಲಿಗೆ ದಾರ ಕಟ್ಟಿದ ಆಟಿಕೆ ನೀವು ಕೈಯಲ್ಲಿ ಹಿಡಿದಿರುವಾಗ ಮಾತ್ರ ಹೊರಗಿರಲಿ, ಆಟ ಮುಗಿದ ಮೇಲೆ ಬೀರುವಿಗೆ. ವೈರ್ ಕಚ್ಚುವ ಬೆಕ್ಕಿದ್ದರೆ ವೈರ್‌ಗಳಿಗೆ ಗಟ್ಟಿ ಕೊಳವೆ ಹಾಕಿ.

ಹಂತ 5: ಕಿತ್ತುಕೊಳ್ಳುವ ಮೊದಲು ಕೊಡಿ

ಚೀಪುವ ಬೆಕ್ಕಿಗೆ ಚೀಪಲು ಯೋಗ್ಯವಾದ ವಸ್ತು ಬೇಕು. ಒತ್ತಾಗಿ ನೇಯ್ದ, ದಾರದ ಕುಣಿಕೆ ಎದ್ದು ಬರದ ಬಟ್ಟೆ ಆರಿಸಿ. ಟರ್ಕಿ ಟವೆಲ್ ಬೇಡ, ಅದರ ಕುಣಿಕೆಗಳು ಹಲ್ಲಿಗೆ ಸಿಕ್ಕುತ್ತವೆ. ಗುಂಡಿ, ಮಣಿ, ಜಿಪ್, ಚೀಟಿ ಏನೂ ಇರಬಾರದು. ಬಾಯಿಗೆ ಪೂರ್ತಿ ಹಿಡಿಸದಷ್ಟು ದೊಡ್ಡದಿರಲಿ. ನೀವು ಒಂದೆರಡು ರಾತ್ರಿ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿ. ನಿಮ್ಮ ವಾಸನೆ ಹತ್ತಿದ ಮೇಲೆ ಬೆಕ್ಕಿಗೆ ಕೊಡಿ. ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿ. ತೂತು ಬಿದ್ದಿದ್ದರೆ, ಅಂಚು ಕಡಿಮೆಯಾಗಿದ್ದರೆ ಬೆಕ್ಕು ಚೀಪುತ್ತಿಲ್ಲ, ತಿನ್ನುತ್ತಿದೆ. ಆಗ ಬಟ್ಟೆ ಯಾವುದೂ ಬೇಡ, ವೆಟ್ ಹತ್ತಿರ ಮಾತಾಡಿ.

ನುಂಗುವ ಚಪಲ ಇರುವ ಬೆಕ್ಕಿಗೆ ಬಾಯಿಗೆ ಬೇರೆ ಕೆಲಸ ಕೊಡಬೇಕು. ಕುಂಡದಲ್ಲಿ ಬೆಳೆಸಿದ ಗೋಧಿ ಹುಲ್ಲು ಅಥವಾ ಓಟ್ಸ್ ಹುಲ್ಲು, ಊಟವನ್ನು ಒಂದೊಂದೇ ಕಾಳಾಗಿ ಹೊರತೆಗೆಯಬೇಕಾದ ಆಟಿಕೆ, ದಿನಕ್ಕೆ ಎರಡು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ. ನಾರಿನಂಶ ಹೆಚ್ಚಿರುವ ಆಹಾರ ಕೆಲವಕ್ಕೆ ಸಹಾಯ ಮಾಡುತ್ತದೆ, ಆದರೆ ಅದನ್ನು ವೈದ್ಯರನ್ನು ಕೇಳಿ ಬದಲಿಸಿ.

ನಾದುವ ಬೆಕ್ಕಿಗೆ ತೊಡೆಯ ಮೇಲೆ ದಪ್ಪ ಬಟ್ಟೆ ಮಡಿಸಿ ಹಾಕಿಕೊಳ್ಳಿ, ಉಗುರಿನ ತುದಿ ಮಾತ್ರ ಕತ್ತರಿಸಿ. ಅಷ್ಟೇ.

ಅಡಗುವ ಬೆಕ್ಕಿಗೆ ಡಬ್ಬ ಕೊಡಿ. ನೆಲದಲ್ಲಿ ಒಂದು, ಎತ್ತರದಲ್ಲಿ ಒಂದು. ಒಳಗಿರುವಾಗ ಯಾರೂ ಕೈ ಹಾಕಿ ಎಳೆಯಬಾರದು. ಮಕ್ಕಳಿಗೂ ಇದನ್ನು ಹೇಳಿಕೊಡಿ. ಎಳೆದರೆ ಡಬ್ಬ ಇದ್ದೂ ಪ್ರಯೋಜನವಿಲ್ಲ.

ಇಷ್ಟರ ಜೊತೆಗೆ ದಿನಚರಿ. ನನ್ನ ಪ್ರಕಾರ ಬೇರೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಇದೇ. ಬೆಕ್ಕಿನ ಮೈ ಒಂದು ಸರಣಿಗೆ ಒಗ್ಗಿದೆ: ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ. ಮನೆಯಲ್ಲಿ ಬೇಟೆ ಇಲ್ಲ, ಊಟ ಮಾತ್ರ ಬಟ್ಟಲಿಗೆ ಬಂದು ಬೀಳುತ್ತದೆ. ಆ ಉಳಿದ ಚಡಪಡಿಕೆ ಕಂಬಳಿಯ ಮೇಲೋ ತನ್ನ ಮೈಮೇಲೋ ತೀರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ 10ರಿಂದ 15 ನಿಮಿಷ ಓಡಿಸಿ ಆಡಿಸಿ. ಕೊನೆಗೆ ಆಟಿಕೆ ಅದರ ಕೈಗೆ ಸಿಗಲಿ. ಕೂಡಲೇ ಊಟ ಹಾಕಿ. ಆಮೇಲೆ ನೋಡಿ, ತಾನೇ ಮೈ ನೆಕ್ಕಿಕೊಂಡು ಮಲಗುತ್ತದೆ. ಹೊತ್ತು ತಪ್ಪಿಸಬೇಡಿ. ಮುಂದೆ ಏನಾಗುತ್ತದೆ ಅಂತ ಗೊತ್ತಿರುವ ಬೆಕ್ಕಿಗೆ ಸಮಾಧಾನ ಜಾಸ್ತಿ.

ಒಂದಕ್ಕಿಂತ ಹೆಚ್ಚು ಬೆಕ್ಕಿದ್ದರೆ, ಬೆಕ್ಕಿನ ಸಂಖ್ಯೆಗಿಂತ ಒಂದು ಲಿಟರ್ ಟ್ರೇ ಜಾಸ್ತಿ ಇಡಿ, ಬೇರೆ ಬೇರೆ ಜಾಗದಲ್ಲಿ. ಊಟದ ಬಟ್ಟಲೂ ದೂರ ದೂರ. ಒಂಟಿತನ ಹೋಗಲಿ ಅಂತ ಇನ್ನೊಂದು ಬೆಕ್ಕು ತರುವ ಮೊದಲು ನೂರು ಸಲ ಯೋಚಿಸಿ. ಎಷ್ಟೋ ಬೆಕ್ಕಿಗೆ ಹೊಸಬರೇ ಹೊಸ ಚಿಂತೆ.

ಬೆಕ್ಕಿನ ಕೆನ್ನೆಯ ವಾಸನೆಯಂತೆ ತಯಾರಿಸಿದ್ದನ್ನು ಕೋಣೆಯಲ್ಲಿ ನಿಧಾನವಾಗಿ ಹರಡುವ ಫೆರಮೋನ್ ಡಿಫ್ಯೂಸರ್ ಅನ್ನುವ ಸಾಧನಗಳು ಸಿಗುತ್ತವೆ. ಕೆಲವು ಮನೆಯಲ್ಲಿ ಉಪಯೋಗ ಆಗುತ್ತದೆ, ಕೆಲವು ಮನೆಯಲ್ಲಿ ಇಲ್ಲ. ಆದರೆ ಮನುಷ್ಯರ ಸುಗಂಧ ತೈಲಗಳನ್ನು ಅದರ ಬದಲಿಗೆ ಬಳಸಬೇಡಿ. ಟೀ ಟ್ರೀ ಎಣ್ಣೆಯಂಥವು ಬೆಕ್ಕಿಗೆ ವಿಷ.

ಹಂತ 6: ಆ ಹೊತ್ತಿನಲ್ಲಿ ನೀವು ಹೇಗಿರಬೇಕು

ಬೈಯಬೇಡಿ, ಮೂಗಿಗೆ ಹೊಡೆಯಬೇಡಿ, ನೀರು ಎರಚಬೇಡಿ. ಚೀಪುವುದು ಭಯದಿಂದ ಬಂದಿದ್ದರೆ ನಿಮ್ಮ ಕೂಗು ಇನ್ನಷ್ಟು ಭಯ ಸೇರಿಸುತ್ತದೆ, ಬೆಕ್ಕು ಮಂಚದ ಕೆಳಗೆ ಹೋಗಿ ಚೀಪುತ್ತದೆ. ಕಣ್ಣಿಗೆ ಕಾಣದ ಚೀಪುವಿಕೆ ಕಾಣುವುದಕ್ಕಿಂತ ಅಪಾಯ.

ನಿಮ್ಮ ಕಿವಿಯನ್ನೋ ಕತ್ತನ್ನೋ ಚೀಪಿದರೆ ಮಾತಾಡದೆ ಮೆಲ್ಲಗೆ ಬಿಡಿಸಿಕೊಂಡು ಚೀಪಲು ಕೊಟ್ಟ ಬಟ್ಟೆಯನ್ನು ಬಾಯಿ ಹತ್ತಿರ ಇಡಿ. ಪ್ರತಿ ಸಲವೂ ಹಾಗೇ ಮಾಡಿ. ಒಂದು ದಿನ ನಕ್ಕು ಮುದ್ದಾಡಿ, ಇನ್ನೊಂದು ದಿನ ತಳ್ಳಿದರೆ ಅದಕ್ಕೆ ಏನೂ ಅರ್ಥವಾಗುವುದಿಲ್ಲ. ಮನೆಯವರೆಲ್ಲ ಒಂದೇ ರೀತಿ ನಡೆದುಕೊಳ್ಳಬೇಕು.

ಹಂತ 1ರ ಪುಸ್ತಕ ಈಗ ಕೆಲಸಕ್ಕೆ ಬರುತ್ತದೆ. ಸಂಜೆ 7ಕ್ಕೆ ಮೈ ನೆಕ್ಕಲು ಶುರು ಮಾಡುತ್ತದೆ ಅಂತ ಗೊತ್ತಿದ್ದರೆ 6:45ಕ್ಕೇ ಆಟ ಶುರು ಮಾಡಿ. ಶುರುವಾದ ಮೇಲೆ ತಡೆಯುವುದಕ್ಕಿಂತ ಇದು ಎಷ್ಟೋ ಸುಲಭ.

ಬೆಕ್ಕು ದೂರದಿಂದ ನಿಮ್ಮನ್ನೇ ನೋಡುತ್ತಿದ್ದರೆ ಕಣ್ಣನ್ನು ನಿಧಾನವಾಗಿ ಅರ್ಧ ಮುಚ್ಚಿ ತೆರೆಯಿರಿ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಹೀಗೆ ಮಾಡಿದಾಗ ಬೆಕ್ಕುಗಳೂ ಕಣ್ಣು ಕಿರಿದು ಮಾಡಿ ಉತ್ತರಿಸಿದವು, ಅಪರಿಚಿತರ ಹತ್ತಿರವೂ ಹೆಚ್ಚು ಧೈರ್ಯದಿಂದ ಬಂದವು.

ಇಷ್ಟೆಲ್ಲ ಮಾಡಿಯೂ ಬೆಕ್ಕು ನುಂಗುವುದು, ಗಾಯವಾಗುವಷ್ಟು ನೆಕ್ಕುವುದು ನಿಲ್ಲಿಸದಿದ್ದರೆ ವೈದ್ಯರು ಔಷಧಿ ಕೊಡಬಹುದು. ಅದನ್ನು ಸೋಲು ಅಂದುಕೊಳ್ಳಬೇಡಿ. ಆದರೆ ಮನೆಯಲ್ಲಿರುವ ಮನುಷ್ಯರ ಮಾತ್ರೆ ಎಂದಿಗೂ ಕೊಡಬೇಡಿ. ಪ್ಯಾರಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಕೊನೆಗೆ, ಒಗೆಯುವ ವಿಷಯ

ತುಂಬಾ ಜನ ಇಲ್ಲಿ ಎಡವುತ್ತಾರೆ. ಜೊಲ್ಲು ಹಿಡಿದ ಬಟ್ಟೆ ಗಬ್ಬು ನಾರುತ್ತದೆ, ಒಗೆಯಲೇಬೇಕು. ಒಗೆದರೆ ಆರು ತಿಂಗಳ ವಾಸನೆ ಒಂದೇ ದಿನದಲ್ಲಿ ಹೋಗುತ್ತದೆ. ಬೆಕ್ಕು ಅದನ್ನು ಮೂಸಿ ಹಿಂದೆ ಸರಿಯುತ್ತದೆ, ಬೇರೆ ವಸ್ತು ಹುಡುಕಲು ಹೊರಡುತ್ತದೆ. ಅದಕ್ಕೆ ಶುರುವಿನಿಂದಲೇ ಒಂದೇ ತರಹದ ಎರಡು ಬಟ್ಟೆ ಇಟ್ಟುಕೊಳ್ಳಿ. ಎರಡನ್ನೂ ಬೆಕ್ಕು ಮಲಗುವ ಜಾಗದಲ್ಲೇ ಇಡಿ. ಒಂದು ಒಗೆಯಲು ಹೋದಾಗ ಇನ್ನೊಂದು ಅಲ್ಲೇ ಇರಲಿ. ವಾಸನೆ ಇಲ್ಲದ ಸೋಪು ಬಳಸಿ. ಒಣಗಿದ ಬಟ್ಟೆಯನ್ನು ಹಳೆಯದರ ಜೊತೆ ಸುತ್ತಿ ಒಂದು ರಾತ್ರಿ ಇಟ್ಟು ಆಮೇಲೆ ಕೊಡಿ.

ಬೂದಿಯ ಕಂಬಳಿಯನ್ನು ನಾನು ಎರಡು ತುಂಡು ಮಾಡಿ, ಕತ್ತರಿಸಿದ ಅಂಚನ್ನು ಒಳಕ್ಕೆ ಮಡಿಸಿ ಬಿಗಿಯಾಗಿ ಹೊಲಿಸಿದ್ದೇನೆ. ಒಂದು ತುಂಡು ಈಗ ಹಗ್ಗದ ಮೇಲೆ ಒಣಗುತ್ತಿದೆ. ಇನ್ನೊಂದರ ಮೂಲೆ ಅವಳ ಬಾಯಲ್ಲಿದೆ.